ಕೊಳಲಿನ ದನಿ ಬರುವುದು ಬೆಳ್ಳಿಯಿಂದಲೋ ಮರದಿಂದಲೋ? ಥಿಯೊಬಾಲ್ಡ್ ಬೋಮ್ ಬದುಕಿನ ಕತೆ

ಪಾಶ್ಚಾತ್ಯ ಆರ್ಕೆಸ್ಟ್ರಾದ ವಿಡಿಯೊ ನೋಡಿದವರಿಗೆ ಗೊತ್ತು, ಅಲ್ಲಿ ಫ್ಲೂಟ್ ನುಡಿಸುವವರ ಕೈಯಲ್ಲಿ ಇರುವುದು ಬೆಳ್ಳಿಯಂತೆ ಹೊಳೆಯುವ, ಮೈತುಂಬ ಕೀಗಳಿರುವ ಕೊಳವೆ. ಐರ್ಲೆಂಡಿನ ಪಬ್‌ಗಳಲ್ಲಿ ಸಂಜೆ ಹೊತ್ತು ಸೇರಿ ಸಾಂಪ್ರದಾಯಿಕ ಸಂಗೀತ ನುಡಿಸುವವರನ್ನು ನೋಡಿ. ಅಲ್ಲಿ ಕಾಣುವುದು ಕರಿಮರದ ಕೊಳಲು. ಆರು ಬರಿಯ ತೂತುಗಳು, ಕೆಲವದಕ್ಕೆ ನಾಲ್ಕಾರು ಕೀಗಳು, ಕೆಲವದಕ್ಕೆ ಅದೂ ಇಲ್ಲ. ಎರಡನ್ನೂ ಅಡ್ಡ ಹಿಡಿದೇ ಊದುತ್ತಾರೆ. ಹಾಗಿದ್ದರೆ ಇಷ್ಟು ವ್ಯತ್ಯಾಸ ಏಕೆ?

ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಮರದ ದನಿ ಬೆಚ್ಚಗೆ, ಲೋಹದ ದನಿ ತಣ್ಣಗೆ, ಹಾಗಾಗಿ ಐರಿಷ್ ಜನ ಮರವನ್ನು ಬಿಡಲಿಲ್ಲ ಎನ್ನುವುದು ಒಂದು. ಬೆಳ್ಳಿಯದು ಸುಧಾರಿತ ವಾದ್ಯ, ಮರದ್ದು ಹಳೆಯ ಕಾಲದ್ದು, ಹಳ್ಳಿಯವರು ಹಳೆಯದಕ್ಕೇ ಅಂಟಿಕೊಂಡರು ಎನ್ನುವುದು ಇನ್ನೊಂದು. ಎರಡೂ ಉತ್ತರಗಳು ಪೂರ್ತಿ ಸರಿಯಲ್ಲ. ಎಲ್ಲಿ ತಪ್ಪು ಎಂದು ತಿಳಿಯಬೇಕಾದರೆ ನಾವು ಜರ್ಮನಿಯ ಮ್ಯೂನಿಕ್ ನಗರದ ಒಬ್ಬ ಅಕ್ಕಸಾಲಿಗನ ಬದುಕನ್ನು ನೋಡಬೇಕು. ಬೆಳ್ಳಿ ಕೊಳಲನ್ನು ರೂಪಿಸಿದವನೇ ಆತ.

ಥಿಯೊಬಾಲ್ಡ್ ಬೋಮ್ ಹುಟ್ಟಿದ್ದು 1794ರ ಏಪ್ರಿಲ್ 9ರಂದು. ಅಪ್ಪನದು ಚಿನ್ನದ ಕೆಲಸ, ಮಗನೂ ಅದನ್ನೇ ಕಲಿತ. ಸಣ್ಣ ಅರ, ಸಣ್ಣ ಬೆಸುಗೆ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಗುರುತಿಸುವ ಕಣ್ಣು, ಇವೆಲ್ಲ ಹುಡುಗನಿಗೆ ಬೇಗನೆ ಒಲಿದವು. ಕೊಳಲಿನ ಹುಚ್ಚೂ ಜೊತೆಗೇ ಹತ್ತಿತ್ತು. ಹದಿನಾರರ ಆಸುಪಾಸಿನಲ್ಲಿ, ಆ ಕಾಲದ ಒಳ್ಳೆಯ ಕೊಳಲೊಂದನ್ನು ಎದುರಿಗಿಟ್ಟುಕೊಂಡು ಅದರಂತೆಯೇ ನಾಲ್ಕು ಕೀಗಳ ಒಂದು ಕೊಳಲನ್ನು ತಾನೇ ಮಾಡಿಕೊಂಡ. ರಾಜಾಸ್ಥಾನದ ಕೊಳಲು ವಾದಕ ಕಪೆಲ್ಲರ್ ಆತನಿಗೆ ಪಾಠ ಹೇಳಿಕೊಟ್ಟರು. 1812ರಲ್ಲಿ ನಗರದ ಒಂದು ನಾಟಕಶಾಲೆಯಲ್ಲಿ ಕೊಳಲು ನುಡಿಸುವ ಕೆಲಸ ಸಿಕ್ಕಿತು, 1818ರಲ್ಲಿ ಬವೇರಿಯಾದ ಆಸ್ಥಾನ ವಾದ್ಯವೃಂದದಲ್ಲಿ ಜಾಗ ಸಿಕ್ಕಿತು. 1828ರಲ್ಲಿ ಸ್ವಂತ ಕಾರ್ಖಾನೆಯನ್ನೂ ತೆರೆದ. ವಾದ್ಯ ನುಡಿಸುವವರು ಸಾಮಾನ್ಯವಾಗಿ ಅದನ್ನು ಮಾಡುವವರಲ್ಲ, ಮಾಡುವವರು ಅಷ್ಟು ಚೆನ್ನಾಗಿ ನುಡಿಸುವವರಲ್ಲ. ಬೋಮ್‌ಗೆ ಎರಡೂ ಬರುತ್ತಿದ್ದವು. ಮುಂದಿನ ಕತೆಗೆಲ್ಲ ಇದೇ ಕಾರಣ.

ಆಗಿನ ಕೊಳಲಿನ ತೊಂದರೆ ಏನಿತ್ತು? ಊದಿದಾಗ ಕಂಪಿಸುವುದು ಕೊಳವೆಯ ಒಳಗಿನ ಗಾಳಿಯ ಕಂಬ. ಬೆರಳೆತ್ತಿ ಒಂದು ತೂತು ತೆರೆದರೆ ಆ ಕಂಬ ಅಲ್ಲಿಗೆ ಮುಗಿದಂತೆ. ಕಂಬ ಗಿಡ್ಡವಾದಷ್ಟೂ ಸ್ವರ ಮೇಲಕ್ಕೇರುತ್ತದೆ. ತೂತು ಚಿಕ್ಕದಾಗಿದ್ದರೆ ಗಾಳಿಗೆ ಅದು ಪೂರ್ತಿ ತೆರೆದಂತೆ ಅನಿಸುವುದಿಲ್ಲ, ಕಂಬ ತೂತನ್ನು ದಾಟಿ ಸ್ವಲ್ಪ ಮುಂದಕ್ಕೂ ಚಾಚುತ್ತದೆ. ಹಾಗಾಗಿ ಬಾಯಿಗೆ ಹತ್ತಿರ ಇರುವ ಚಿಕ್ಕ ತೂತು ಮತ್ತು ದೂರ ಇರುವ ದೊಡ್ಡ ತೂತು ಒಂದೇ ಸ್ವರ ಕೊಡಬಲ್ಲವು.

ಶತಮಾನಗಳ ಕಾಲ ಕೊಳಲು ಮಾಡುವವರಿಗೆ ಊರುಗೋಲಾಗಿದ್ದುದು ಇದೇ ಸಂಗತಿ. ಭೌತವಿಜ್ಞಾನ ಕೇಳುವ ಜಾಗಕ್ಕೆ ಬೆರಳು ಎಟುಕುವುದಿಲ್ಲವೇ? ತೂತನ್ನು ಮೇಲಕ್ಕೆ ಸರಿಸಿ, ಚಿಕ್ಕದು ಮಾಡಿ. ಸ್ವರ ಸರಿಹೋಗುತ್ತದೆ. ಆದರೆ ದನಿ ಸೊರಗುತ್ತದೆ. ಆರು ತೂತಿನ ಕೊಳಲಲ್ಲಿ ಒಂದು ಮೂಲ ಶ್ರುತಿಯ ಸ್ವರಗಳು ಚೆನ್ನಾಗಿ ಬರುತ್ತವೆ, ನಡುವಿನ ಅರ್ಧಸ್ವರಗಳಿಗೆ ಕೀ ಬೇಕು, ಇಲ್ಲವೇ ಬೆರಳುಗಳನ್ನು ಅಡ್ಡಾದಿಡ್ಡಿ ಇಟ್ಟು ಹೇಗೋ ಹೊರಡಿಸಬೇಕು. ಒಂದು ಸ್ವರ ಗಟ್ಟಿ, ಪಕ್ಕದ್ದು ಮಂಕು. ಯಾವ ಶ್ರುತಿಗೆ ಬೇಕಾದರೂ ಹೊರಳುವ ಆರ್ಕೆಸ್ಟ್ರಾ ಸಂಗೀತಕ್ಕೆ ಇದು ದೊಡ್ಡ ಕೊರತೆಯಾಗಿತ್ತು. ಬೋಮ್ ಆಗ ಹೆಸರಾಂತ ವಾದಕ. ಈ ಕೊರತೆಗಳನ್ನು ತುಟಿಯ ಚಳಕದಲ್ಲೇ ಮುಚ್ಚಿಕೊಂಡು ಬಂದಿದ್ದ.

1831ರಲ್ಲಿ ಲಂಡನ್‌ಗೆ ಹೋದಾಗ ಚಾರ್ಲ್ಸ್ ನಿಕೊಲ್ಸನ್ ಎಂಬ ಇಂಗ್ಲಿಷ್ ವಾದಕನ ಕೊಳಲು ಕೇಳಿಸಿತು. ನಿಕೊಲ್ಸನ್‌ನ ಕೈ ದೊಡ್ಡದು. ಆತನ ಮರದ ಕೊಳಲಿನ ತೂತುಗಳೂ ಬೇರೆಯವರ ಕೊಳಲಿಗಿಂತ ಬಹಳ ದೊಡ್ಡವು. ದನಿಯೋ, ಸಭಾಂಗಣ ತುಂಬುವಂಥದ್ದು. ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವುದರಲ್ಲೂ ಆತ ಪ್ರಸಿದ್ಧ. ಇಂಥ ದನಿಗೆ ತನ್ನ ಕೊಳಲಿನಿಂದ ಸಾಟಿಯಾಗಲು ಸಾಧ್ಯವೇ ಇಲ್ಲ ಎಂದು ಬೋಮ್‌ಗೆ ಅಲ್ಲೇ ಮನವರಿಕೆಯಾಯಿತು. ಆ ಕೊಳಲನ್ನೇ ಕೊಂಡು ನುಡಿಸೋಣವೆಂದರೆ ಅಷ್ಟು ದೊಡ್ಡ ತೂತುಗಳನ್ನು ಮುಚ್ಚುವುದು ಎಲ್ಲರ ಬೆರಳಿಗೆ ಆಗುವ ಮಾತಲ್ಲ, ಶ್ರುತಿಯ ಏರುಪೇರೂ ಅದರಲ್ಲಿ ಹಾಗೇ ಇತ್ತು.

ನಮಗೆ ಈ ಘಟ್ಟ ಬಹಳ ಕುತೂಹಲದ್ದು ಎನಿಸುತ್ತದೆ. ಮೂವತ್ತೇಳು ವರ್ಷದ, ಯೂರೋಪಿನಲ್ಲಿ ಹೆಸರು ಮಾಡಿದ ವಾದಕ. ಕೊಳಲು ಬದಲಿಸಿದರೆ ಬೆರಳು ಇಡುವ ಕ್ರಮವೇ ಬದಲಾಗುತ್ತದೆ, ಇಪ್ಪತ್ತು ವರ್ಷಗಳ ಅಭ್ಯಾಸ ನೀರಿಗೆ ಹೋಗುತ್ತದೆ. ಆದರೂ ಬೋಮ್ ಬದಲಿಸಿದ. ಲಂಡನ್‌ನಲ್ಲಿದ್ದಾಗಲೇ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಹೊಸ ಮಾದರಿಯೊಂದನ್ನು ಮಾಡಿಸಿ ನೋಡಿದ. ಮ್ಯೂನಿಕ್‌ಗೆ ಮರಳಿ 1832ರಲ್ಲಿ ಹೊಸ ಕೊಳಲು ಮುಗಿಸಿದ. ಕೊಳವೆ ಮೊದಲಿನಂತೆ ಕೆಳಕ್ಕೆ ಕಿರಿದಾಗುವ ಶಂಕುವಿನ ಆಕಾರದ್ದೇ. ಆದರೆ ತೂತುಗಳು ಈಗ ಬೆರಳಿನ ಅನುಕೂಲಕ್ಕಲ್ಲ, ಸ್ವರದ ಅಗತ್ಯಕ್ಕೆ ತಕ್ಕ ಜಾಗದಲ್ಲಿ. ಬೆರಳಿಡುವ ತೂತಿನ ಸುತ್ತ ಒಂದು ಉಂಗುರ, ಬೆರಳೊತ್ತಿದರೆ ಉಂಗುರವೂ ಕೆಳಗಿಳಿದು ಸರಳಿನ ಮೂಲಕ ದೂರದ ಇನ್ನೊಂದು ತೂತನ್ನು ಮುಚ್ಚುತ್ತದೆ. ಒಂದು ಬೆರಳು, ಎರಡು ಕೆಲಸ. ಹಾಗಾಗಿ ಒಂಬತ್ತು ಬೆರಳುಗಳಿಂದ ಅದಕ್ಕಿಂತ ಹೆಚ್ಚು ತೂತುಗಳನ್ನು ಆಳಬಹುದಾಯಿತು.

ಇದೇ ಕೊಳಲು ಬೋಮ್‌ಗೆ ಕಳ್ಳತನದ ಆರೋಪವನ್ನೂ ತಂದಿತು. ಪ್ಯಾರಿಸ್‌ನಲ್ಲಿದ್ದ ಗಾರ್ಡನ್ ಎಂಬ ಸೇನಾಧಿಕಾರಿಯೂ ಹೊಸ ಕೊಳಲೊಂದರ ಕೆಲಸದಲ್ಲಿದ್ದ. ಇಬ್ಬರೂ ಲಂಡನ್‌ನಲ್ಲಿ ಭೇಟಿಯಾಗಿದ್ದರು, ಮುಂದೆ ಗಾರ್ಡನ್ ಮ್ಯೂನಿಕ್‌ಗೂ ಬಂದು ಬೋಮ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡಿಸಿದ್ದ. ಗಾರ್ಡನ್‌ನ ಬದುಕು ದುರಂತದ್ದು, ಕೊನೆಗೆ ಆತನ ಮನಸ್ಸಿನ ಸ್ವಾಸ್ಥ್ಯವೇ ಕೆಟ್ಟಿತು. 1838ರಲ್ಲಿ ಪ್ಯಾರಿಸ್‌ನ ಕೊಳಲು ಶಿಕ್ಷಕ ಕೋಶ್, ಬೋಮ್ ಮಾಡಿದ್ದು ಗಾರ್ಡನ್‌ನ ಆವಿಷ್ಕಾರವನ್ನೇ ಎಂದು ಬರೆದ. ಈ ಜಗಳ ದಶಕಗಳ ಕಾಲ ನಡೆಯಿತು, ಬೋಮ್‌ನ ಮುಪ್ಪಿನಲ್ಲೂ ಬಿಡಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ದೊಡ್ಡ ತೂತಿನ ಪ್ರೇರಣೆ ನಿಕೊಲ್ಸನ್‌ನದು. ಉಂಗುರದ ಕೀಗೆ ನೋಲನ್ ಎಂಬ ಪಾದ್ರಿ 1808ರಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದ. ಇವನ್ನೆಲ್ಲ ಸೇರಿಸಿ, ಎಲ್ಲ ಸ್ವರಗಳೂ ಸಮನಾಗಿ ನುಡಿಯುವ ಒಂದು ಪೂರ್ತಿ ವ್ಯವಸ್ಥೆ ಕಟ್ಟಿದ್ದು ಬೋಮ್. ಅದನ್ನು ಕದ್ದದ್ದು ಎನ್ನಲು ನಮಗೆ ಆಧಾರ ಕಾಣುವುದಿಲ್ಲ. ಅಂದಹಾಗೆ ಇದಕ್ಕೆ ತಿರುವುಮುರುವಾದ ಇನ್ನೊಂದು ತಪ್ಪು ನಂಬಿಕೆಯೂ ಇದೆ. ಬೋಮ್ ಪದ್ಧತಿಯ ಕ್ಲಾರಿನೆಟ್ ಎಂದು ಕರೆಯುತ್ತಾರಲ್ಲ, ಅದನ್ನು ಬೋಮ್ ಮಾಡಲೇ ಇಲ್ಲ. ಪ್ಯಾರಿಸ್‌ನ ಕ್ಲೋಸೆ ಮತ್ತು ಬುಫೆ ಆತನ ಉಂಗುರಗಳನ್ನು ತಮ್ಮ ವಾದ್ಯಕ್ಕೆ ಅಳವಡಿಸಿಕೊಂಡರು.

ಆಮೇಲಿನ ಹತ್ತಾರು ವರ್ಷ ಬೋಮ್ ಹೆಚ್ಚಾಗಿ ಉಕ್ಕಿನ ಕುಲುಮೆಗಳ ನಡುವೆ ಕಳೆದ. ಬವೇರಿಯಾದ ಕಬ್ಬಿಣದ ಉದ್ಯಮವನ್ನು ಸುಧಾರಿಸುವ ಕೆಲಸ. ಅದಕ್ಕಾಗಿ 1839ರಲ್ಲಿ ಸರ್ಕಾರದ ಗೌರವವೂ ಸಿಕ್ಕಿತು. ಅದೇ ವರ್ಷ ಕೊಳಲಿನ ಕಾರ್ಖಾನೆಯನ್ನು ತನ್ನ ಕೆಲಸಗಾರನಿಗೆ ವಹಿಸಿಕೊಟ್ಟ.

ಆದರೆ ಕೊಳಲು ಬಿಡಲಿಲ್ಲ. ಐವತ್ತು ದಾಟಿದ ಮೇಲೆ, 1846ರ ಸುಮಾರಿಗೆ, ತನಗಿಂತ ಒಂಬತ್ತು ವರ್ಷ ಚಿಕ್ಕವರಾದ ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಶಾಫ್‌ಹಾಯ್ಟ್‌ಲ್ ಬಳಿ ಧ್ವನಿವಿಜ್ಞಾನ ಕಲಿಯಲು ಕೂತ. 1832ರ ಕೊಳಲಿನ ತೂತುಗಳನ್ನು ಸರಿಪಡಿಸಿದ್ದಾಗಿತ್ತು. ಆದರೆ ಕೊಳವೆಯ ಆಕಾರವೇ ಸರಿಯೇ ಎಂಬ ಪ್ರಶ್ನೆ ಉಳಿದಿತ್ತು. ಬೋಮ್ ಬೇರೆ ಬೇರೆ ಅಳತೆಯ ಕೊಳವೆಗಳನ್ನು ಮಾಡಿ ಪರೀಕ್ಷಿಸಿದ. ತುಂಡು ತುಂಡಾಗಿ ಬಿಚ್ಚಬಹುದಾದ ಒಂದು ಕೊಳವೆ ಮಾಡಿ, ಒಂದೊಂದೇ ತುಂಡು ತೆಗೆಯುತ್ತ, ಯಾವ ಉದ್ದಕ್ಕೆ ಯಾವ ಸ್ವರ ಎಂದು ಕಿವಿಯಿಂದಲೂ ಲೆಕ್ಕದಿಂದಲೂ ತಾಳೆ ನೋಡಿದ. ಹನ್ನೆರಡು ಅರ್ಧಸ್ವರಗಳು ಸಮ ಅಂತರದಲ್ಲಿ ಇರಬೇಕಾದರೆ ಪ್ರತಿ ಹೆಜ್ಜೆಗೂ ಗಾಳಿಯ ಕಂಬ ಶೇಕಡಾ 5.6ರಷ್ಟು ಗಿಡ್ಡವಾಗಬೇಕು. ಇದು ಸರಳ ಲೆಕ್ಕ. ಊದುವ ತೂತು ಮತ್ತು ಕಾರ್ಕ್ ಬಿರಡೆ ಈ ಲೆಕ್ಕವನ್ನು ಸ್ವಲ್ಪ ಕೆಡಿಸುತ್ತವೆ, ಅಲ್ಲಿ ಪ್ರಯೋಗವೇ ಗತಿ.

1847ರಲ್ಲಿ ಹೊರಬಂದ ಕೊಳಲು ಹಳೆಯದರ ಆಕಾರವನ್ನೇ ತಲೆಕೆಳಗು ಮಾಡಿತ್ತು. ಹಳೆಯ ಕೊಳಲಿನ ತಲೆಭಾಗ ನೇರ ಕೊಳವೆ, ಮೈಭಾಗ ಕೆಳಕ್ಕೆ ಹೋದಂತೆ ಕಿರಿದು. ಬೋಮ್‌ನದರಲ್ಲಿ ಮೈ ನೇರ, ಸುಮಾರು 19 ಮಿಲಿಮೀಟರ್ ಒಳವ್ಯಾಸ. ತಲೆಭಾಗ ಮಾತ್ರ ಬಿರಡೆಯ ಕಡೆಗೆ ಹೋದಂತೆ ಸುಮಾರು 17 ಮಿಲಿಮೀಟರ್‌ಗೆ ಇಳಿಯುತ್ತದೆ. ಈ ಎರಡು ಮಿಲಿಮೀಟರ್ ಇಳಿಜಾರು ಇಲ್ಲದಿದ್ದರೆ ಮೇಲಿನ ಸ್ಥಾಯಿಯ ಸ್ವರಗಳು ಕೆಳಗಿನವುಗಳ ಜೊತೆ ಶ್ರುತಿ ಕೂಡುವುದಿಲ್ಲ. ತೂತುಗಳು ಬೆರಳ ತುದಿಗಿಂತಲೂ ದೊಡ್ಡವಾದವು. ಬರಿಯ ಬೆರಳಿಂದ ಮುಚ್ಚುವಂತಿರಲಿಲ್ಲ, ಹಾಗಾಗಿ ಪ್ರತಿಯೊಂದಕ್ಕೂ ಪ್ಯಾಡ್ ಇರುವ ಮುಚ್ಚಳ ಬಂತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇದಕ್ಕೆ ಉನ್ನತ ಪದಕ ಸಿಕ್ಕಿತು. ಇಂದಿನ ಆರ್ಕೆಸ್ಟ್ರಾ ಫ್ಲೂಟ್ ಬಹುಪಾಲು ಇದೇ. ಬೋಮ್‌ನ ತವರಾದ ಜರ್ಮನಿಯೇ ಇದನ್ನು ಒಪ್ಪಲು ಹಿಂದೇಟು ಹಾಕಿತು. ಸಂಗೀತಕಾರ ವಾಗ್ನರ್‌ಗಂತೂ ಇದರ ದನಿ ಹಿಡಿಸಲಿಲ್ಲ.

ಈಗ ಮರ ಮತ್ತು ಬೆಳ್ಳಿಯ ಪ್ರಶ್ನೆಗೆ ಬರೋಣ. ಕೊಳವೆ ಯಾವುದರದ್ದು ಎನ್ನುವುದರ ಮೇಲೆ ದನಿ ಬದಲಾಗುತ್ತದೆ ಎಂದು ಬೋಮ್ ಕೂಡ ನಂಬಿದ್ದ. ಬೆಳ್ಳಿಯಲ್ಲೂ ಮಾಡಿದ, ಮರದಲ್ಲೂ ಮಾಡಿದ, ಒಂದೊಂದಕ್ಕೆ ಒಂದೊಂದು ಗುಣ ಹೇಳಿದ. ಅಷ್ಟು ಅಳೆದು ತೂಗಿ ನೋಡಿದ ಮನುಷ್ಯ ಈ ಒಂದು ವಿಷಯದಲ್ಲಿ ಕಿವಿಗೆ ಕಟ್ಟುನಿಟ್ಟಿನ ಪರೀಕ್ಷೆ ಇಡಲಿಲ್ಲ. 1971ರಲ್ಲಿ ಜಾನ್ ಕೋಲ್ಟ್‌ಮನ್ ಎಂಬ ಅಮೆರಿಕದ ಭೌತವಿಜ್ಞಾನಿ ಆ ಪರೀಕ್ಷೆ ಮಾಡಿದ. ಒಳ ಅಳತೆ ಒಂದೇ ಇರುವ ಮೂರು ಕೀ ಇಲ್ಲದ ಕೊಳಲುಗಳು: ಒಂದು ಬೆಳ್ಳಿ, ಒಂದು ತಾಮ್ರ, ಒಂದು ಮರ. ಊದುವ ತಲೆಭಾಗ ಮೂರಕ್ಕೂ ಒಂದೇ ಬಗೆಯ ಪ್ಲಾಸ್ಟಿಕ್‌ನದು. ಕೈಗೆ ತಗುಲಿದರೆ, ತೂಕ ಗೊತ್ತಾದರೆ ಗುಟ್ಟು ಬಯಲಾಗುತ್ತದೆಂದು ನುಡಿಸುವವರಿಗೂ ಅದು ತಿಳಿಯದಂತೆ ಅವನ್ನು ಜೋಡಿಸಿದ್ದ. ಕೇಳಿದವರಿಗಾಗಲಿ ನುಡಿಸಿದವರಿಗಾಗಲಿ ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ. 2001ರಲ್ಲಿ ವಿಯೆನ್ನಾದ ಸಂಶೋಧಕರು ಬೆಳ್ಳಿ, ಚಿನ್ನ, ಪ್ಲಾಟಿನಂ ಮುಂತಾದ ಲೋಹಗಳ ಒಂದೇ ಮಾದರಿಯ ಕೊಳಲುಗಳನ್ನು ಪರೀಕ್ಷಿಸಿದಾಗಲೂ ಫಲಿತಾಂಶ ಬೇರೆಯಾಗಲಿಲ್ಲ.

ವೀಣೆಯಲ್ಲಿ ತಂತಿಯ ಕಂಪನ ಕೊಡಕ್ಕೆ ಇಳಿದು, ಆ ಮರವೇ ಕಂಪಿಸಿ ನಮ್ಮ ಕಿವಿಗೆ ದನಿ ತಲುಪಿಸುತ್ತದೆ. ಅಲ್ಲಿ ಮರ ಮುಖ್ಯ. ಕೊಳಲಿನಲ್ಲಿ ಕಂಪಿಸುವುದು ಗಾಳಿ, ಗೋಡೆಯ ಕೆಲಸ ಆ ಗಾಳಿಗೆ ಆಕಾರ ಕೊಡುವುದಷ್ಟೇ. ಹಾಗಾದರೆ ಮರದ ಐರಿಷ್ ಕೊಳಲಿಗೂ ಬೆಳ್ಳಿ ಫ್ಲೂಟಿಗೂ ದನಿಯಲ್ಲಿ ವ್ಯತ್ಯಾಸವೇ ಇಲ್ಲವೇ? ಖಂಡಿತ ಇದೆ, ಯಾರ ಕಿವಿಗಾದರೂ ಕೇಳಿಸುತ್ತದೆ. ಅದಕ್ಕೆ ಕಾರಣ ಮರವಲ್ಲ, ಮರದೊಳಗಿನ ಶಂಕುವಿನ ಆಕಾರ, ತೂತುಗಳ ಅಳತೆ, ಊದುವ ತೂತಿನ ಅಂಚು. ಈ ಅಂಚಿನಲ್ಲಿ ಮಿಲಿಮೀಟರಿನ ಒಂದು ಪಾಲು ಕೆರೆದರೂ ಕೊಳಲಿನ ಗುಣವೇ ಬದಲಾಗುತ್ತದೆ. ಚಿನ್ನದ ಕೊಳಲಿಗೆ ಹಣ ಸುರಿಯುವ ಮುನ್ನ ಯೋಚಿಸಬೇಕಾದ ಮಾತು.

ಇನ್ನು ಐರ್ಲೆಂಡ್. ಬೋಮ್‌ನ 1847ರ ಕೊಳಲನ್ನು ಇಂಗ್ಲೆಂಡಿನಲ್ಲಿ ಮಾಡುವ ಹಕ್ಕು ಕೊಂಡದ್ದು ಲಂಡನ್‌ನ ರೂಡಾಲ್ ಅಂಡ್ ರೋಸ್ ಕಂಪನಿ. ನಿಕೊಲ್ಸನ್ ಕಾಲದ ದೊಡ್ಡ ತೂತಿನ ಮರದ ಕೊಳಲುಗಳಿಗೂ ಇದೇ ಕಂಪನಿ ಹೆಸರುವಾಸಿ. ಆರ್ಕೆಸ್ಟ್ರಾದವರು, ಹಣವಂತ ಹವ್ಯಾಸಿಗಳು ಕ್ರಮೇಣ ಹೊಸದಕ್ಕೆ ಹೊರಳಿದಂತೆ ಹಳೆಯ ಮರದ ಕೊಳಲುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗವಾದವು. ಅವುಗಳಲ್ಲಿ ಹಲವು ಐರ್ಲೆಂಡಿನ ಹಳ್ಳಿಗಳ ಕೈ ಸೇರಿದವು. ಅಲ್ಲಿ ಮಕ್ಕಳು ತಗಡಿನ ಟಿನ್ ವಿಸಲ್ ಊದಿ ಕಲಿಯುತ್ತಿದ್ದರು. ರಾಬರ್ಟ್ ಕ್ಲಾರ್ಕ್ ಎಂಬ ಇಂಗ್ಲಿಷಿನವ 1843ರಿಂದ ತಗಡು ಮಡಿಚಿ ಮಾಡುತ್ತಿದ್ದ ವಿಸಲ್‌ಗಳು ತೀರಾ ಅಗ್ಗವಾಗಿದ್ದವು. ವಿಸಲ್‌ಗೂ ಆರು ತೂತು, ಮರದ ಕೊಳಲಿಗೂ ಆರು ತೂತು, ಬೆರಳಿಡುವ ಕ್ರಮವೂ ಒಂದೇ. ವಿಸಲ್ ಬಂದರೆ ಅರ್ಧ ಕೊಳಲು ಬಂದಂತೆ, ಉಳಿದರ್ಧ ತುಟಿಯ ಅಭ್ಯಾಸ.

ಅಗ್ಗವಾಗಿದ್ದಕ್ಕೆ ಬಂತು ಎನ್ನುವುದು ನಿಜ. ಆದರೆ ಕೈಯಲ್ಲಿ ದುಡ್ಡಾಡಿದ ಮೇಲೂ ಉಳಿಯಿತಲ್ಲ, ಅದಕ್ಕೆ ಕಾರಣ ಬೇರೆ. ಐರಿಷ್ ಕುಣಿತದ ಮಟ್ಟುಗಳು ಬಹುಪಾಲು ಡಿ ಮತ್ತು ಜಿ ಶ್ರುತಿಗಳಲ್ಲಿ ಇರುತ್ತವೆ. ಆರು ತೂತಿನ ಕೊಳಲು ಸರಾಗವಾಗಿ ನುಡಿಯುವುದು ಇಲ್ಲೇ. ಹನ್ನೆರಡು ಸ್ವರಗಳ ಸಮಾನತೆ, ಬೋಮ್ ಬದುಕನ್ನೇ ತೇಯ್ದ ಆ ಗುರಿ, ಇಲ್ಲಿ ಯಾರೂ ಕೇಳದ ಪ್ರಶ್ನೆಗೆ ಉತ್ತರ. ಇನ್ನೊಂದು ಸಂಗತಿ ಬೆರಳಿನದು. ಒಂದೇ ಸ್ವರವನ್ನು ಎರಡು ಮೂರಾಗಿ ಒಡೆದು ತೋರಿಸಲು ಐರಿಷ್ ವಾದಕರು ನಾಲಗೆಗಿಂತ ಬೆರಳನ್ನೇ ಹೆಚ್ಚು ಬಳಸುತ್ತಾರೆ. ಮೇಲಿನ ಒಂದು ಬೆರಳನ್ನು ಕ್ಷಣಮಾತ್ರ ಎತ್ತುವುದು ಕಟ್, ಕೆಳಗಿನ ತೂತಿಗೆ ಪಟ್ಟನೆ ಹೊಡೆದು ಎತ್ತುವುದು ಟ್ಯಾಪ್, ಎರಡೂ ಸೇರಿದರೆ ರೋಲ್. ಬೆರಳನ್ನು ಮೆಲ್ಲನೆ ಹೊರಳಿಸಿ ತೂತನ್ನು ಅರ್ಧ ತೆರೆದರೆ ಸ್ವರ ಜಾರುತ್ತದೆ. ಕರ್ನಾಟಕ ಸಂಗೀತದ ಕೊಳಲು ಕೇಳಿದವರಿಗೆ ಇದು ಹೊಸದಲ್ಲ. ನಮ್ಮ ಬಿದಿರಿನ ಕೊಳಲಿನಲ್ಲಿ ಜಾರು, ಗಮಕ ಹೊಮ್ಮುವುದೂ ಬರಿಯ ಬೆರಳು ಬರಿಯ ತೂತಿನ ಮೇಲೆ ಆಡುವುದರಿಂದಲೇ. ಪ್ಯಾಡ್ ಇರುವ ಮುಚ್ಚಳಕ್ಕೆ ತೆರೆಯುವುದು, ಮುಚ್ಚುವುದು ಎರಡೇ ಗೊತ್ತು. ಮುಚ್ಚಳಗಳ ನಡುವೆಯೇ ತೂತು ಕೊರೆದ ಫ್ರೆಂಚ್ ಮಾದರಿಯಲ್ಲಿ ಸ್ವಲ್ಪ ಅನುಕೂಲ ಇದೆ, ಅಷ್ಟೇ.

ಹೀಗೆಂದು ಇದು ನಿಯಮವೇನಲ್ಲ. ಲೀಟ್ರಿಮ್ ಜಿಲ್ಲೆಯಿಂದ ನ್ಯೂಯಾರ್ಕ್‌ಗೆ ವಲಸೆ ಹೋಗಿ 1920ರ ದಶಕದಲ್ಲಿ ಧ್ವನಿಮುದ್ರಿಕೆ ಹೊರತಂದ ಜಾನ್ ಮೆಕೆನಾ, ಈಚಿನ ಮ್ಯಾಟ್ ಮೊಲಾಯ್ ಮರದ ಕೊಳಲಿನ ದಾರಿಯವರು. ಜೋನಿ ಮ್ಯಾಡನ್ ಬೆಳ್ಳಿ ಫ್ಲೂಟಿನಲ್ಲೇ ಅಪ್ಪಟ ಐರಿಷ್ ನುಡಿಸುತ್ತಾರೆ. ಆದರೂ ನಮಗೆ ಮತ್ತೆ ಮತ್ತೆ ನೆನಪಾಗುವುದು 1831ರ ಆ ಲಂಡನ್. ನಿಕೊಲ್ಸನ್‌ನ ದೊಡ್ಡ ದನಿ ಕೇಳಿದ ಬೋಮ್ ಅದನ್ನು ಹಿಡಿಯಲು ಹದಿನಾರು ವರ್ಷ ಶ್ರಮಿಸಿ ಒಂದು ಯಂತ್ರವನ್ನೇ ಕಟ್ಟಿದ. ಐರ್ಲೆಂಡಿನವರು ನಿಕೊಲ್ಸನ್‌ನ ಬಗೆಯ ಕೊಳಲನ್ನೇ ಎತ್ತಿಕೊಂಡರು, ಜಾರಿಸುವ ಬೆರಳಿಗೂ ಅದರಲ್ಲಿ ಜಾಗವಿತ್ತು.

ಬೋಮ್ ಕೊನೆಯ ವರ್ಷಗಳಲ್ಲಿ ತಗ್ಗು ಶ್ರುತಿಯ ಆಲ್ಟೊ ಫ್ಲೂಟನ್ನು ಬಹಳ ಹಚ್ಚಿಕೊಂಡಿದ್ದ. ಅದೂ ಆತನೇ ರೂಪಿಸಿದ್ದು. 1871ರಲ್ಲಿ ಕೊಳಲು ಮತ್ತು ಕೊಳಲುವಾದನದ ಬಗ್ಗೆ ಪುಸ್ತಕ ಹೊರತಂದು ತನ್ನ ಅಳತೆಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಕೊಟ್ಟ. 1881ರ ನವೆಂಬರ್ 25ರಂದು ಮ್ಯೂನಿಕ್‌ನಲ್ಲೇ ತೀರಿಕೊಂಡ. ಆಗ ಎಂಬತ್ತೇಳು ವರ್ಷ.

ಆತನ ಕಾಲದ ಮರದ ಕೊಳಲುಗಳು ಇಂದಿಗೂ ರಿಪೇರಿಯವರ ಮೇಜಿಗೆ ಬರುತ್ತವೆ. ಸಾಮಾನ್ಯ ಕಾಯಿಲೆ ಒಂದೇ, ತಲೆಭಾಗದಲ್ಲಿ ಉದ್ದಕ್ಕೆ ಬಿರುಕು. ಶ್ರುತಿ ಹೊಂದಿಸಲೆಂದು ಅದರೊಳಗೆ ಹಿತ್ತಾಳೆ ಅಥವಾ ಬೆಳ್ಳಿಯ ಕೊಳವೆ ಕೂರಿಸಿರುತ್ತಾರೆ. ವರ್ಷಗಳು ಕಳೆದಂತೆ, ಒಣಹವೆಯಲ್ಲಿ, ಮರ ಕುಗ್ಗುತ್ತದೆ. ಒಳಗಿನ ಲೋಹ ಕುಗ್ಗುವುದಿಲ್ಲ. ಮರಕ್ಕೆ ಸೀಳದೆ ದಾರಿಯಿಲ್ಲ. ಬಲ್ಲವರು ಬರಿ ಅಂಟು ತುಂಬಿ ಕಳಿಸುವುದಿಲ್ಲ. ಲೋಹದ ಕೊಳವೆಯನ್ನು ಹೊರತೆಗೆದು, ಮರದ ಒಳಭಾಗವನ್ನು ಒಂದಿಷ್ಟು ಹಿಗ್ಗಲಿಸಿ, ಬಿರುಕು ಕೂಡಿಸಿ, ಆಮೇಲೆ ಕೊಳವೆಯನ್ನು ಸಡಿಲವಾಗಿ ಮರಳಿ ಕೂರಿಸುತ್ತಾರೆ. ಚರ್ಮದ ಪ್ಯಾಡ್‌ಗಳನ್ನು ಬದಲಿಸಿ, ಕೂಡುವ ಜಾಗಕ್ಕೆ ದಾರ ಸುತ್ತುತ್ತಾರೆ. ಕೊನೆಯಲ್ಲಿ ಆರೂ ತೂತುಗಳನ್ನು ಮುಚ್ಚಿ ತೀರಾ ಕೆಳಗಿನ ಡಿ ಸ್ವರ ಊದಿ ನೋಡುತ್ತಾರೆ. ಎಲ್ಲಾದರೂ ಒಂದು ಕೂದಲೆಳೆ ಸಂದು ಉಳಿದಿದ್ದರೂ ಆ ಸ್ವರ ಸೊರಗುತ್ತದೆ. ತುಂಬಿ ಬಂದರೆ, ಕೊಳಲು ಸರಿಹೋಯಿತು.